ಮೊರದಲ್ಲಿ ಸಿಕ್ಕ ಚೂರು

ನಮ್ಮ ಕಡೆ ಹುರುಳಿ ಒಕ್ಕಲು ಎತ್ತೂ ಬೇಡ, ರೋಣಗಲ್ಲೂ ಬೇಡ. ಗಿಡ ಕಿತ್ತು ತಂದು ಡಾಂಬರು ರಸ್ತೆಗೆ ಹರಡಿದರೆ ಮುಗಿಯಿತು. ಬಸ್ಸು, ಲಾರಿಗಳೇ ಪುಕ್ಕಟೆ ತುಳಿದು ಕೊಡುತ್ತವೆ. ತಪ್ಪೆಂದು ಎಲ್ಲರಿಗೂ ಗೊತ್ತು, ಬಿಟ್ಟವರು ಯಾರೂ ಇಲ್ಲ. ಕಟ್ಟೆಮಳಲವಾಡಿಯ ಹತ್ತಿರ ನಮ್ಮೂರ ರಸ್ತೆಯಲ್ಲಿ ಹಾಗೆ ಹುರುಳಿ ತಿರುವಿ ಹಾಕುತ್ತಿದ್ದಾಗಲೇ ಅವ್ವನಿಗೆ ಯಾವುದೋ ಗಾಡಿ ಗುದ್ದಿ, ನಿಲ್ಲಿಸದೆ ಹೋಯಿತು.

ತೊಡೆಯ ಮೂಳೆ ಮುರಿದಿತ್ತು. ನಾವು ಅವಳನ್ನು ಆಟೋದಲ್ಲಿ ಹುಣಸೂರಿಗೆ ಕರೆದೊಯ್ದ ಮೇಲೆ ಪಕ್ಕದ ಮನೆಯ ಚಿಕ್ಕವ್ವ ಒಂದು ಉಪಕಾರ ಮಾಡಿದಳು. ರಸ್ತೆಗೆ ಹುರುಳಿ ಹರಡಿದ್ದಕ್ಕೆ ಕೇಸು ನಮ್ಮ ಮೇಲೇ ಬಿದ್ದೀತೆಂದು ಹೆದರಿ, ಎಲ್ಲವನ್ನೂ ಗುಡಿಸಿ ಮೂಟೆ ಕಟ್ಟಿ, ರಕ್ತದ ಮೇಲೆ ಬಿಂದಿಗೆ ನೀರು ಸುರಿದಳು. ಪೊಲೀಸರು ಬಂದಾಗ ರಸ್ತೆ ಸಾರಿಸಿದ ಅಂಗಳದ ಹಾಗಿತ್ತು.

ಗುದ್ದಿದ ಗಾಡಿ ಪತ್ತೆಯಾಗದಿದ್ದರೂ ಸರ್ಕಾರದಿಂದ ಪರಿಹಾರ ಸಿಗುತ್ತದೆಂದು ವಕೀಲರು ಹೇಳಿದರು. ಆದರೆ ಗಾಡಿಯೇ ಗುದ್ದಿದ್ದಕ್ಕೆ ಗುರುತು ಬೇಕಲ್ಲ! ನೋಡಿದವರೂ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಠಾಣೆಯಲ್ಲೊಬ್ಬರು, "ವಯಸ್ಸಾದೋರು, ತಲೆ ಸುತ್ತಿ ಬಿದ್ದಿರ್ಬೋದು ಕಣ್ರೀ" ಎಂದರು. ನನಗೆ ಮೈಯೆಲ್ಲ ಉರಿಯಿತು. ಅವ್ವನಿಗೆ ಮುರಿದ ಕಾಲಿಗಿಂತ ಆ ಮಾತಿನಿಂದಲೇ ಹೆಚ್ಚು ನೋವಾಯಿತು. "ನಾನು ಬೀಳ್ನಿಲ್ಲ ಕಣವ್ವ" ಎಂದು ಮಗಳಾದ ನನಗೆ ಎಷ್ಟು ಸಲ ಹೇಳಿದಳೋ.

ಕಾಲಿಗೆ ರಾಡು ಹಾಕಿಸಿಕೊಂಡು ಬಂದರೂ ಸುಮ್ಮನೆ ಕೂರುವ ಪೈಕಿಯಲ್ಲ ಅವಳು. ಹುರುಳಿಕಟ್ಟಿನ ಸಾರು ಮಾಡಿಸಬೇಕೆಂದು ಚಿಕ್ಕವ್ವನ ಕೈಯಲ್ಲೇ ಆ ಮೂಟೆ ಬಿಚ್ಚಿಸಿ, ಜಗಲಿಯಲ್ಲಿ ಮೊರ ಹಿಡಿದಳು. ಕೇರುತ್ತಿದ್ದ ಕೈ ನಿಂತಿತು. ಕಾಳಿನ ನಡುವೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೂರುಗಳು: ಗಾಡಿಯ ಇಂಡಿಕೇಟರ್. ದೊಡ್ಡ ಚೂರಿನ ಸೀಳಿನಲ್ಲಿ ಅವ್ವ ಅವತ್ತು ಉಟ್ಟಿದ್ದ ಹಸಿರು ಸೀರೆಯ ಎಳೆ ಸಿಕ್ಕಿಕೊಂಡಿತ್ತು.

ಚಿಕ್ಕವ್ವ ಬಾಯಿಗೆ ಸೆರಗಿಟ್ಟು ಅತ್ತಳು. "ನಾನೇ ಗುಡ್ಸಿ ಹಾಳು ಮಾಡ್ದೆ ಕಣಕ್ಕ."

"ನೀನು ಗುಡ್ಸಿ ಮಡಗಿದ್ಕೇ ಸಿಕ್ತು, ಬುಡು" ಎಂದಳು ಅವ್ವ.

ಮಾರನೆಯ ದಿನ ಚಿಕ್ಕವ್ವ ನನ್ನ ಜೊತೆ ಠಾಣೆಗೆ ಬಂದು, ಆ ಚೂರುಗಳನ್ನು ಒಪ್ಪಿಸಿ, ಗುಡಿಸಿದ್ದು ತಾನೇ ಎಂದು ಹೇಳಿಕೆ ಕೊಟ್ಟಳು. ಕೇಸು ತನ್ನ ಮೇಲೇ ಹಾಕುತ್ತಾರಾ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು ಪಾಪ. ಆಮೇಲೆ ಪರಿಹಾರದ ಅರ್ಜಿ ಮೇಜಿನಿಂದ ಮೇಜಿಗೆ ತೆವಳಿತು, ತೆವಳಿಯಾದರೂ ಮುಟ್ಟಿತು.

ಗಾಡಿ ಇಂದಿಗೂ ಸಿಕ್ಕಿಲ್ಲ. ಪರಿಹಾರದ ಆದೇಶ ಬಂದಿದೆಯೆಂದು ಓದಿ ಹೇಳಿದಾಗ ಅವ್ವ ಮೊದಲು ಕೇಳಿದ್ದು, "ತಲೆ ಸುತ್ತಿ ಬಿದ್ದೋಳು ಅಂತ ಬರ್ದಿಲ್ಲ ತಾನೇ?"

ಗಾಡಿ ಗುದ್ದಿದ್ದೆಂದೇ ಬರೆದಿದ್ದಾರೆ ಎಂದೆ. ಅವಳು ಕಾಲು ನೀವಿಕೊಳ್ಳುತ್ತ ಹೇಳಿದಳು: "ಅವ್ನು ಒಂದ್ಗಳ್ಗೆ ನಿಲ್ಸಿ, ಏನಾಯ್ತವ್ವಾ ಅಂದಿದ್ರೆ ಸಾಕಾಗಿತ್ತು. ಈ ದುಡ್ಡು ಕೇಳ್ತಾನೇ ಇರ್ನಿಲ್ಲ ಕಣವ್ವ ನಾನು."