ಮಗಳೆಲ್ಲಿ ಎಂದು ಕೇಳಿದ ಟ್ಯಾಕ್ಸಿನವರು

ನನಗಾಗ ಅರವತ್ತು, ಆರು ವರ್ಷದ ಹಿಂದಿನ ಮಾತು. ಮಗಳು ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್. ಶಹಾಪುರದಲ್ಲಿರುವ ಅವಳ ಮಳಿಗೆಯ ಬಾಡಿಗೆಗೆ ತೆರಿಗೆ ಕಟ್ಟಲು, ಲೆಕ್ಕ ಬರೆದುಕೊಡುವ ಟ್ಯಾಕ್ಸಿನವರ ಹತ್ತಿರ ಹೋದೆ. ಅವರು ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆದು, “ಇದ್ದದ್ದು ಹೇಳ್ರಿ” ಎಂದೇ ಮಾತು ಶುರು ಮಾಡುವವರು.

“ಮಗಳು ಎಲ್ಲಿರ್ತಾಳ್ರಿ?”

“ಇಲ್ಲೇ, ನಮ್ಮ ಮನ್ಯಾಗ.” ದೂರ ಹೋದವರನ್ನು ಮನೆಯಲ್ಲಿಲ್ಲ ಎನ್ನುವುದು ನಮ್ಮಲ್ಲಿ ಅಪಶಕುನ.

ನಾನು ತಂದ ಕಾಗದಗಳಲ್ಲಿ ಮಸ್ಕತ್ತಿನ ಪಗಾರ ಕಂಡು ಅವರು ಮುಚ್ಚಳ ಹಾಕಿಬಿಟ್ಟರು. “ಹಂಗ ಬರದ್ರ ಆಕಿ ಅಲ್ಲಿ ದುಡಿದ ಪಗಾರಕ್ಕೂ ಇಲ್ಲಿ ಟ್ಯಾಕ್ಸ್ ಬೀಳ್ತದ ಅವ್ವಾ. ಇದ್ದದ್ದು ಹೇಳ್ರಿ.”

“ವರ್ಷಕ್ಕೊಂದು ತಿಂಗಳು ಬಂದು ಹೋಗ್ತಾಳ. ಮನ್ಯಾಗಿಲ್ಲ” ಎಂದೆ.

ಮುಚ್ಚಳ ಮತ್ತೆ ಹಲ್ಲಿಗೆ ಹೋಯಿತು. “ಹಂಗಾದ್ರ ಬಾಡಿಗಿಗಷ್ಟೇ ಕಟ್ರಿ.”

ಮರುದಿನ ಬೆಳಿಗ್ಗೆ, ದಿನವೂ ‘ಒಳಗ ಮಲಗ್ಯಾಳ’ ಎಂದೇ ಹೇಳುತ್ತಿದ್ದ ನನ್ನನ್ನು ಹಾಲಿನವಳು ಎಂದಿನಂತೆ ಕೆಣಕಿದಳು: “ಮಗಳು ಇನ್ನಾ ಎದ್ದಿಲ್ಲೇನವ್ವ?”

“ಮಸ್ಕತ್ತಿನ್ಯಾಗದಾಳ. ಹಾಲು ಹಾಕು” ಎಂದೆ.