ಬಲ ಮೊಣಕೈಯ ತೇಪೆ

ಬೆಳಕು ಹರಿಯುವ ಮೊದಲು ಆಕೆ ನೀರು ಹಿಡಿಯಬೇಕು, ಹಾಲು ಕಾಯಿಸಬೇಕು, ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಬದಲಿಸಬೇಕು, ಎರಡು ಡಬ್ಬಿ ತುಂಬಬೇಕು, ಗಂಡನ ಅಂಗಿ ಇಸ್ತ್ರಿ ಮಾಡಬೇಕು. ಪೊಲೀಸ್ ಕಚೇರಿಯ ಗುಮಾಸ್ತನಾದ ಗಂಡ ಏಳುವ ಹೊತ್ತಿಗೆ ಮನೆ ತಾನಾಗಿಯೇ ಸಿದ್ಧವಾದಂತೆ ಇರುತ್ತದೆ.

"ಕೂತ್ಕೊಂಡು ವಿಡಿಯೋ ನೋಡೋಕೆ ಸಂಬಳ! ಪುಣ್ಯ ಮಾಡಿದ್ದೀಯ ಕಣೇ," ಎಂದು ಅವನು ಛೇಡಿಸುತ್ತಾನೆ.

ಕೆಲಸ ಅದೇ. ಅಹಿಂಸಾತ್ಮಕ ಪ್ರತಿಭಟನೆಗಳ ಬಗ್ಗೆ ಸಂಶೋಧನೆ ನಡೆಸುವ ವಿಶ್ವವಿದ್ಯಾಲಯದ ವಿಭಾಗದಲ್ಲಿ ಮೆರವಣಿಗೆಗಳ ವಿಡಿಯೋ ನೋಡಿ, ಯಾರು ಕೂತರು, ಯಾರು ತಳ್ಳಿದರು, ಮೊದಲ ಏಟು ಯಾರದು ಎಂದು ಕಂಪ್ಯೂಟರಿನಲ್ಲಿ ಗುರುತು ಹಾಕುವುದು.

"ಕಲ್ಲು ಬಿತ್ತು ಅಂದ್ರೆ ಸಾಲದಮ್ಮ," ಎಂದು ಪ್ರೊಫೆಸರ್ ಮೇಡಂ ಮೊದಲ ದಿನವೇ ಹೇಳಿದ್ದರು. "ಎಸೆದವರು 'ಮೆರವಣಿಗೆಯವರು', 'ಹೊರಗಿನವರು', 'ಗೊತ್ತಿಲ್ಲ', ಮೂರರಲ್ಲಿ ಒಂದಕ್ಕೆ ಗುರುತು ಹಾಕ್ಬೇಕು. ಹೊರಗಿನವರು ಅಂದ್ರೆ, ಹೇಗೆ ಗೊತ್ತಾಯ್ತು ಅಂತಾನೂ ಬರೀಬೇಕು."

ಅಂದು ಪರದೆಯ ಮೇಲೆ ಬಂದದ್ದು ಕಳೆದ ತಿಂಗಳ ನರ್ಸುಗಳ ಮೌನ ಮೆರವಣಿಗೆ. ಮಹಡಿ ಮೇಲಿನ ಮನೆಯ ನರ್ಸಕ್ಕನ ಕೈ ಲಾಠಿ ಏಟಿಗೆ ಮುರಿದದ್ದು ಅಲ್ಲೇ. ಅಂದಿನಿಂದ ಅವಳ ತಲೆ ಬಾಚಿ ಜಡೆ ಹಾಕುವವಳು ಈಕೆಯೇ.

"ಅವರೇ ಕಲ್ಲು ತೂರಿದ್ರು, ಒದೆ ತಿಂದ್ರು," ಎಂದಿದ್ದ ಗಂಡ.

"ನಮ್ಮಲ್ಲಿ ಒಬ್ಬಳೂ ಕೈ ಎತ್ತಿಲ್ಲ ಕಣೇ," ಎಂದು ನರ್ಸಕ್ಕ ಅತ್ತಿದ್ದಳು.

ಈಕೆ ಇಬ್ಬರಿಗೂ ಹೂಂ ಅಂದಿದ್ದಳು.

ಬಿಳಿ ಸಮವಸ್ತ್ರದ ಸಾಲು ಸದ್ದಿಲ್ಲದೆ ಸಾಗುತ್ತಿತ್ತು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡ ಗಂಡಸೊಬ್ಬ ಪಕ್ಕದ ಓಣಿಯಿಂದ ನುಗ್ಗಿ ಕಲ್ಲು ಬೀಸಿದ. ಆಕೆ ಅಲ್ಲೇ ನಿಲ್ಲಿಸಿದಳು. ಎತ್ತಿದ ಬಲ ಮೊಣಕೈ ಮೇಲೆ ತೇಪೆ. ಹಳೇ ದಿಂಬಿನ ಹಸಿರು ಚೌಕುಳಿ ಬಟ್ಟೆ. ಕಪ್ಪು ದಾರ ಮುಗಿದು, ಒಂದು ಬದಿ ಮಾತ್ರ ಕೆಂಪು ದಾರದಲ್ಲಿ ಹೊಲಿದದ್ದು.

ಹಿಂದಕ್ಕೆ ಓಡಿಸಿ ನೋಡಿದಳು. ಮತ್ತೆ ನೋಡಿದಳು. ಇವತ್ತು ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಯ ಕೆಳಗಿದ್ದದ್ದು ಅದೇ ಅಂಗಿ. "ತೇಪೆ ಎದ್ದು ಕಾಣುತ್ತೇನೇ?" ಎಂದು ಅವನು ಕೇಳಿದಾಗ, "ನಿಮ್ಮ ಮೊಣಕೈ ಯಾರು ನೋಡ್ತಾರೆ ಬಿಡಿ!" ಎಂದು ನಕ್ಕಿದ್ದಳು.

"ಯಾಕಮ್ಮ, ಮುಖ ಬಿಳಿಚಿಕೊಂಡಿದೆ?" ಊಟಕ್ಕೆ ಹೊರಟ ಮೇಡಂ ನಿಂತು ಕೇಳಿದರು. "ಗೊತ್ತಾಗದಿದ್ರೆ 'ಗೊತ್ತಿಲ್ಲ' ಅಂತ ಹಾಕಿ ಮುಂದೆ ಹೋಗಮ್ಮ."

ಹಾಗೆ ಹಾಕಿದರೆ ಮನೆ ಉಳಿಯುತ್ತಿತ್ತು. ಕಲ್ಲಿನ ಕಳಂಕ ನರ್ಸಕ್ಕನ ಸಾಲಿನ ಮೇಲೆಯೇ ಉಳಿಯುತ್ತಿತ್ತು.

ಕೋಣೆ ಖಾಲಿಯಾಯಿತು. ಫೋನ್ ಬಡಿದುಕೊಂಡಿತು. "ಡಬ್ಬೀಲಿ ಉಪ್ಪೇ ಇಲ್ವಲ್ಲೇ! ಜ್ಞಾನ ಎಲ್ಲಿತ್ತು?" ಎಂದ ಗಂಡ.

ಆಕೆ ಫೋನ್ ಕೆಳಗಿಟ್ಟಳು. 'ಹೊರಗಿನವರು' ಎಂಬಲ್ಲಿ ಗುರುತು ಹಾಕಿದಳು. ಹೇಗೆ ಗೊತ್ತಾಯಿತು ಎಂಬುದರ ಮುಂದೆ, "ಆ ತೇಪೆ ಹಾಕಿದವಳು ನಾನು. ಅಂಗಿ ನನ್ನ ಗಂಡನದು," ಎಂದು ಬರೆದು, ಕೆಳಗೆ ತನ್ನ ಹೆಸರನ್ನೂ ಬರೆದಳು.