ಬೈಯುವವರಿಲ್ಲದ ಗಡ್ಡ

ಐದೂವರೆಗೆ ಎದ್ದು, ಗಡ್ಡ ಬೋಳಿಸಿ, ಆರಕ್ಕೆ ಸರಿಯಾಗಿ ವಾಕಿಂಗಿಗೆ ಹೊರಡುವುದು ನನ್ನ ಪದ್ಧತಿ. ಧಾರವಾಡದಲ್ಲಿ ಡ್ರಿಲ್ ಮಾಸ್ತರನಾಗಿದ್ದಾಗ ತಪ್ಪಿಲ್ಲ, ಮೆಲ್ಬರ್ನ್‌ಗೆ ಮಗಳ ಮನೆಗೆ ಬಂದ ಮೇಲೂ ತಪ್ಪಿಲ್ಲ. ಜೊತೆಗೆ ಬರುವ ಪಕ್ಕದ ಮನೆಯ ಯಹೂದಿ ಯಜಮಾನರು ನನ್ನ ವಯಸ್ಸಿನವರೇ, ನನ್ನಷ್ಟೇ ನೀಟು. ಒಂದೇ ತಕರಾರು: ಅವರು ಉಗುರು ಕತ್ತರಿಸುವುದು ಶುಕ್ರವಾರ. ಅಂದು ಸೂರ್ಯ ಮುಳುಗಿದರೆ ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುರು. ಅಷ್ಟರೊಳಗೆ ಸ್ನಾನ, ಕ್ಷೌರ, ಉಗುರು ಎಲ್ಲ ಮುಗಿಯಬೇಕಂತೆ. ಶುಕ್ರವಾರ ಉಗುರು ಕತ್ತರಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ನಾಲ್ಕು ಸಲ ಹೇಳಿದೆ. ಕೇಳಲಿಲ್ಲ.

ಅವರ ತಾಯಿ ಸಿಡ್ನಿಯಲ್ಲಿ ತೀರಿಕೊಂಡರು. ಏಳು ದಿನ ಅಲ್ಲೇ ದುಃಖಕ್ಕೆ ಕುಳಿತು ಮರಳಿದಾಗ ಮುಖದ ತುಂಬ ಬಿಳಿ ಕುರುಚಲು. ಹನ್ನೆರಡನೆಯ ದಿನ ನನಗೆ ತಡೆಯಲಾಗಲಿಲ್ಲ. ಇದೇನು ಅವತಾರ, ನಮ್ಮಲ್ಲಿ ಹತ್ತನೆಯ ದಿನಕ್ಕೆ ತಲೆಯನ್ನೇ ಬೋಳಿಸಿ ಮುಗಿಸುತ್ತೇವೆ ಎಂದು ಗೇಟಿನಲ್ಲೇ ಬೈದೆ. ಮಗಳು ನನ್ನನ್ನು ಒಳಗೆ ಕರೆದುಕೊಂಡು ಹೋದಳು.

"ಅಪ್ಪಾ, ಅವರ ತಾಯಿ ಹೋಗ್ಯಾರ. ಇನ್ನೊಮ್ಮೆ ಆ ಗಡ್ಡದ ಸುದ್ದಿ ತಗದ್ರ ನೋಡ್ರಿ."

ಸುದ್ದಿ ತೆಗೆಯಲಿಲ್ಲ. ತಿಂಗಳಾಯಿತು, ಎರಡಾಯಿತು. ಕೂದಲು ಕಾಲರಿನ ಮೇಲೆ ಬಿತ್ತು. ಗಡ್ಡದಲ್ಲಿ ಟೋಸ್ಟಿನ ಪುಡಿ ಕಂಡರೂ ಹಲ್ಲು ಕಚ್ಚಿಕೊಂಡು ನಡೆದೆ.

ಒಂದು ಶುಕ್ರವಾರ ಮಧ್ಯಾಹ್ನ ಅವರೇ ಬಾಗಿಲು ತಟ್ಟಿದರು. ಮರುದಿನ ಪ್ರಾರ್ಥನೆಯಲ್ಲಿ, ಆಗಷ್ಟೇ ಹುಟ್ಟಿದ ಅವರ ಮೊಮ್ಮಗಳಿಗೆ ಆ ತಾಯಿಯ ಹೆಸರನ್ನೇ ಇಡುವವರಿದ್ದರು. ಅಲ್ಲಿ ಬೋಳಿಸಿದ ಮುಖದಲ್ಲಿ ನಿಲ್ಲಬೇಕೆಂದು ಅವರ ಆಸೆ. ಆದರೆ ಹೆತ್ತವರು ಸತ್ತಾಗ ಮೂವತ್ತು ದಿನ ಕಳೆದರೂ ತಾನಾಗಿ ಬೋಳಿಸಿಕೊಳ್ಳುವಂತಿಲ್ಲವಂತೆ. ಆಮೇಲೆ ಯಾರಾದರೂ ಗೆಳೆಯ ಹೇಸಿಗೆಪಟ್ಟು ಗದರಿದರಷ್ಟೇ ಬೋಳಿಸಬಹುದಂತೆ. ಹಳೆಯ ಗೆಳೆಯರು ಉಳಿದಿರಲಿಲ್ಲ. ಹೊಸಬರೆಲ್ಲ ತೀರಾ ಸಭ್ಯಸ್ಥರು. ಸಬ್ಬತ್‌ಗೆ ಇನ್ನೆರಡು ತಾಸು ಉಳಿದಿತ್ತು.

ನಾನು ಆವತ್ತೇ ಬೈದಿದ್ದೆನಲ್ಲ ಎಂದೆ.

"ಅದು ಹನ್ನೆರಡನೇ ದಿನ," ಎಂದರು. "ಮೂವತ್ತರೊಳಗಿನದು ಲೆಕ್ಕಕ್ಕಿಲ್ಲ. ಈಗ ಬೈಯಿರಿ."

ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದಕ್ಕೆ ಇದು ಪ್ರತಿಫಲ. ಮೂವತ್ತು ವರ್ಷ ಶಾಲೆಯ ಅಂಗಳದಲ್ಲಿ ಬೈದವನಿಗೆ, ಬೈಯಿರಿ ಎಂದು ಕೇಳಿಕೊಂಡವರನ್ನು ಬೈಯಲು ಬಾಯಿ ಬರಲಿಲ್ಲ. ನನ್ನ ಇಂಗ್ಲಿಷಿನಲ್ಲಿ ಹೊರಟದ್ದೆಲ್ಲ ಬರೀ ಪ್ಲೀಸು, ಸಾರಿ. ಕೊನೆಗೆ ಸಿಟ್ಟು ನಿಜವಾಗಿಯೇ ನೆತ್ತಿಗೇರಿತು.

"ಕನ್ನಡಿ ನೋಡ್ಕೊಂಡೀಯೇನು? ಓಣ್ಯಾಗಿನ ನಾಯಿ ಸುದ್ದಾ ನಿನಗಿಂತ ನೀಟ್ ಇರ್ತೈತಿ. ಆ ಕೂಸು ಹೆದರಿ ಅತ್ತರ ಏನ್ ಮಾಡ್ತೀ? ನಡಿ, ಮೊದಲ ಬೋಳಿಸ್ಕೋ ಹೋಗು."

ಒಂದಕ್ಷರವೂ ತಿಳಿಯದಿದ್ದರೂ ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನಿನ್ನೂ ಟೋಸ್ಟಿನ ಪುಡಿಗೆ ಬಂದಿರಲಿಲ್ಲ. ಅಷ್ಟರಲ್ಲಿ ಗಡಿಯಾರ ನೋಡಿ, ಸಾಕು ಎಂದು ಕೈ ತೋರಿಸಿ, ನನ್ನನ್ನು ನಡುವಾಕ್ಯದಲ್ಲೇ ಬಿಟ್ಟು ಮನೆಗೆ ಓಡಿದರು.